ಮೂರು ಕಡೆ ಬಂದ ಸುದ್ದಿ

ಮೊನ್ನೆ ಜುಲೈನಲ್ಲಿ ಅಣ್ಣನ ಮಗಳ ಮನೆಗೆಂದು ಪುಣೆಗೆ ಹೋಗಿದ್ದೆ. ಬೆಳಗಿನ ಚಹಾದ ಹೊತ್ತಿಗೆ ಅವಳ ಗಂಡ ಮೊಬೈಲಿನಲ್ಲಿ ಯಾವುದೋ ಸುದ್ದಿ ಓದಿ ಹೇಳಿದ. ನನಗೆ ನಂಬಿಕೆ ಬರಲಿಲ್ಲ. "ಇಲ್ಲ ಅತ್ತಿ, ಮೂರು ಕಡೆ ಬಂದದ. ಖರೇನೇ ಇರಬೇಕು" ಎಂದ. ಪಕ್ಕದಲ್ಲೊಂದು ಕಟ್ಟಡ ಏಳುತ್ತಿತ್ತು. ಮಳೆಯಲ್ಲಿ ನೆನೆದ ಸಿಮೆಂಟಿನ ವಾಸನೆ ಬಾಲ್ಕನಿಯಿಂದ ಒಳಗೆ ಬರುತ್ತಿತ್ತು. ಆ ಮಾತು, ಆ ವಾಸನೆ ಎರಡೂ ಕೂಡಿದ್ದೇ ನಾನು ಚಹಾ ಅಲ್ಲೇ ಬಿಟ್ಟು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ. ಅದೇ ಊರಿನಲ್ಲಿ ಒಂದು ಮಳೆಗಾಲ ಕಳೆದಿದ್ದೆ. ಇಪ್ಪತ್ತು ವರ್ಷದ ಹತ್ತಿರ ಆಗಿರಬೇಕು. ಆಗ ನನಗೆ ಮೂವತ್ತು ದಾಟಿತ್ತು.

ಪುಣೆಯ ವಿಮಾನ ನಗರ ಬಡಾವಣೆಯಲ್ಲಿ ಆಗ ಸುದ್ದಿ ಸೋಸಿ ಕೊಡುವ ಒಂದು ಕಂಪನಿಯಿತ್ತು. ದೊಡ್ಡ ದೊಡ್ಡ ವ್ಯಾಪಾರಸ್ಥರಿಗೆ, ಅವರವರ ಧಂದೆಗೆ ಸಂಬಂಧಪಟ್ಟಂತೆ ದೇಶದ ಪತ್ರಿಕೆಗಳಲ್ಲಿ ಏನು ಬಂದಿದೆ ಎಂದು ಅವರು ಆಫೀಸು ಸೇರುವ ಮೊದಲೇ ಇಂಗ್ಲಿಷಿನಲ್ಲಿ ಬರೆದು ಕಳಿಸುವುದು ನಮ್ಮ ಕೆಲಸ. ಒಂದೊಂದು ಭಾಷೆಗೆ ಒಬ್ಬೊಬ್ಬರು. ಕನ್ನಡಕ್ಕೆ ನಾನೊಬ್ಬಳೇ. ವಿಜಯಪುರದಲ್ಲಿ ಇಂಗ್ಲಿಷ್ ಎಂ.ಎ. ಮಾಡಿಕೊಂಡು, ಖಾಸಗಿ ಕಾಲೇಜುಗಳಲ್ಲಿ ವರ್ಷಕ್ಕೊಂದು ಕಡೆ ಪಾಠ ಹೇಳಿ ಬೇಸತ್ತವಳಿಗೆ ಈ ಕೆಲಸ ಸಿಕ್ಕಾಗ ಹಿಗ್ಗೇ ಆಗಿತ್ತು.

ಬೆಳಕು ಹರಿಯುವ ಮೊದಲೇ ಕಂಪನಿಯ ಜೀಪು ಬಂದು ಕರೆದೊಯ್ಯುತ್ತಿತ್ತು. ಆಗಿನ ಕನ್ನಡ ಪತ್ರಿಕೆಗಳ ಜಾಲತಾಣಗಳಲ್ಲಿ ಒಂದೊಂದಕ್ಕೂ ಒಂದೊಂದು ಬಗೆಯ ಅಕ್ಷರದ ಫಾಂಟು. ಅದನ್ನು ಇಳಿಸಿಕೊಳ್ಳದಿದ್ದರೆ ಪುಟದ ತುಂಬ ಅರ್ಥವಿಲ್ಲದ ಗೀರುಗಳು. ಇಳಿಸಿಕೊಂಡರೂ ಬೇಕಾದ ಶಬ್ದ ಹಾಕಿ ಹುಡುಕಲು ಬರುತ್ತಿರಲಿಲ್ಲ. ಇಡೀ ಪತ್ರಿಕೆ ಕಣ್ಣಿನಿಂದಲೇ ಓದಬೇಕು. ಹಾಗೆ ಓದಿ ಓದಿ ಯಾವ ಪತ್ರಿಕೆ ಯಾವುದನ್ನು ಮುಚ್ಚಿಡುತ್ತದೆ, ಯಾವುದು ಯಾರ ಹೇಳಿಕೆಯನ್ನು ತನ್ನದೇ ವರದಿಯೆಂದು ಹಾಕುತ್ತದೆ ಎನ್ನುವುದು ನನಗೆ ತಿಳಿಯತೊಡಗಿತು.

ಮಧ್ಯಾಹ್ನಕ್ಕೆ ನನ್ನ ಕೆಲಸ ಮುಗಿಯುತ್ತಿತ್ತು. ಮನೆಗೆ ಬಂದರೆ ಬಾಗಿಲ ಬಳಿ ಎರಡು ಜೊತೆ ಚಪ್ಪಲಿ. ನನ್ನೊಂದಿಗೆ ಮನೆ ಹಂಚಿಕೊಂಡಿದ್ದ ನಾಗಪುರದ, ಇಂದೂರಿನ ಇಬ್ಬರು ಹುಡುಗಿಯರದು. ಅವರಿಗೆ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ. ನಾನು ಬಂದಾಗ ಅವರು ಪರದೆ ಎಳೆದು ಮಲಗಿರುತ್ತಿದ್ದರು. ನಾನು ಮಲಗುವ ಹೊತ್ತಿಗೆ ಅವರ ಚಪ್ಪಲಿ ಇರುತ್ತಿರಲಿಲ್ಲ. ಪಾತ್ರೆಯ ಸದ್ದಾಗದಂತೆ ಅನ್ನ ಬಡಿಸಿಕೊಳ್ಳುವುದನ್ನು ನಾನು ಆ ಮನೆಯಲ್ಲಿ ಕಲಿತೆ. ದಿನವೆಲ್ಲ ಕನ್ನಡ ಓದುತ್ತಿದ್ದೆ. ಬಾಯಿಬಿಟ್ಟು ಕನ್ನಡ ಮಾತಾಡುವುದು ಮಾತ್ರ ಭಾನುವಾರ, ಊರಿಂದ ಅವ್ವ ಫೋನ್ ಮಾಡಿದಾಗ. ಕೆಲವೊಮ್ಮೆ ಫೋನೆತ್ತಿದರೆ ಗಂಟಲು ಕಟ್ಟಿದಂತಾಗಿ ಮೊದಲ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ನೆಗಡಿ ಆಗ್ಯಾದೇನು?" ಎಂದು ಅವ್ವ ಕೇಳುತ್ತಿದ್ದಳು. ಹೌದೆನ್ನುತ್ತಿದ್ದೆ.

ಖಾಲಿ ಮಧ್ಯಾಹ್ನಗಳಿಗೆಂದೇ ಬ್ಲಾಗ್ ಶುರುಮಾಡಿದೆ. ಮನೆಯ ಕೆಳಗಿನ ಸೈಬರ್ ಕೆಫೆಯಲ್ಲಿ ಕೂತು, ಒಂದೇ ಸುದ್ದಿ ಬೇರೆ ಬೇರೆ ಕಡೆ ಹೇಗೆ ಬಂದಿದೆ, ಯಾವುದನ್ನು ಎಷ್ಟು ನಂಬಬಹುದು ಎಂದು ಬರೆಯುತ್ತಿದ್ದೆ. ಓದುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ತಪ್ಪದೆ ಬರೆಯುತ್ತಿದ್ದವರು ಸುರಪುರದ ಚನ್ನಬಸಪ್ಪ ಮಾಸ್ತರರು. ನಿವೃತ್ತ ಶಾಲಾ ಶಿಕ್ಷಕರು. ತಾಲೂಕಿನ ಸೈಬರ್ ಅಂಗಡಿಗೆ ವಾರಕ್ಕೆರಡು ಸಲ ಹೋಗಿ ಓದುವುದಾಗಿ ತಿಳಿಸಿದ್ದರು. ಮೊದಲು ನನ್ನ ಕಾಗುಣಿತದ ತಪ್ಪು ತಿದ್ದುತ್ತಿದ್ದರು, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಅವರ ಎರಡು ಸಾಲಿಗಾಗಿ ನಾನು ಕಾಯುತ್ತಿದ್ದೆ.

ಆಫೀಸಿನಲ್ಲಿ ಮಾತಿಗೆ ಸಿಗುತ್ತಿದ್ದವರು ಮರಾಠಿ ನೋಡಿಕೊಳ್ಳುತ್ತಿದ್ದ ಜೋಶಿ ಕಾಕಾ. ಮರಾಠಿ ಪತ್ರಿಕೆಯೊಂದರಲ್ಲಿ ಜೀವಮಾನವೆಲ್ಲ ದುಡಿದು, ಅಲ್ಲಿಂದ ಹೊರಬಂದ ಮೇಲೆ ಇಲ್ಲಿ ಸೇರಿದ್ದರು. ಹೆಂಡತಿಯ ತವರು ನಿಪ್ಪಾಣಿ. ಆ ಸಂಬಂಧದಿಂದ ಬಂದ ಅಷ್ಟಿಷ್ಟು ಕನ್ನಡ ಅವರಲ್ಲಿತ್ತು. ಒಮ್ಮೆ ನಾನು ಒಂದು ಸುದ್ದಿ ಎಲ್ಲ ಕಡೆಯೂ ಬಂದಿದೆ, ಹಾಗಾಗಿ ನಿಜ ಎಂದಾಗ ಅವರು ಕನ್ನಡಕ ತೆಗೆದು ನಕ್ಕರು.

"ಎಲ್ಲಾ ಕಡಿ ಬಂತು ಅಂದ್ರ ಏನ ಆತು ಸುನಂದಾ? ಯಾರ್ ಹೋಗಿ ನೋಡಿದ್ರು, ತೇ ಬಘ, ಅದನ್ನ ನೋಡು. ಅವನ್ನ ಹುಡುಕು."

ಆ ಜುಲೈನಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಜೋಶಿ ಕಾಕಾ ಮರಾಠಿ ತಾಣದ ಒಂದು ಸುದ್ದಿ ತೋರಿಸಿದರು. ಪುಣೆಯ ಅಂಚಿನ ಕಾತ್ರಜದ ಆಚೆ ಕಟ್ಟುತ್ತಿದ್ದ ವಸತಿಸಂಕೀರ್ಣದ ಕಾಂಪೌಂಡ್ ಗೋಡೆ ಮಳೆಗೆ ಕುಸಿದು ಕೂಲಿಯವರ ತಗಡಿನ ಗುಡಿಸಲಿನ ಮೇಲೆ ಬಿದ್ದಿತ್ತು. ಭೀಮರಾವ್, ಶಾಂತಾಬಾಯಿ ಎಂಬ ಗಂಡಹೆಂಡತಿ ಸತ್ತಿದ್ದರು. ಊರು ಸೋಲಾಪುರ. ಕೊನೆಯಲ್ಲಿ ಒಂದು ಸಾಲು: ಇವರ ಸಣ್ಣ ಮಗಳು ಗಾಯಗೊಂಡು ಸರಕಾರಿ ಆಸ್ಪತ್ರೆಯಲ್ಲಿದ್ದಾಳೆ.

ಸ್ವಲ್ಪ ಹೊತ್ತಿಗೆ ಅದು ಇಂಗ್ಲಿಷಿನಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಕನ್ನಡದ ತಾಣವೊಂದರಲ್ಲೂ ಬಂತು. ನಮ್ಮ ಗಿರಾಕಿಗಳಲ್ಲಿ ಒಂದು ಸಿಮೆಂಟ್ ಕಂಪನಿಯಿದ್ದುದರಿಂದ ಮೂರನ್ನೂ ನಾನು ಪಕ್ಕಪಕ್ಕ ಇಟ್ಟು ಓದಬೇಕಾಯಿತು. ಮೂರರಲ್ಲೂ ಅದೇ ಹೆಸರು, ಅದೇ ಊರು, ಅದೇ ಕ್ರಮದ ವಾಕ್ಯಗಳು. ಇಂಗ್ಲಿಷಿನವರು ಕೊನೆಯ ಸಾಲು ಬಿಟ್ಟಿದ್ದರು. ಕನ್ನಡದಲ್ಲೂ ಆ ಸಾಲಿರಲಿಲ್ಲ. ಅಂದರೆ ಕನ್ನಡದವರು ಇಂಗ್ಲಿಷಿನಿಂದ ಇಳಿಸಿಕೊಂಡಿದ್ದರು, ಇಂಗ್ಲಿಷಿನವರು ಮರಾಠಿಯಿಂದ. ನನ್ನ ಬ್ಲಾಗಿನಲ್ಲಿ ಅದನ್ನೇ ಬರೆದೆ. "ಇಂಗ್ಲಿಷಿನಲ್ಲಿ ಬಿಟ್ಟುಹೋದ ಮಗು ಕನ್ನಡಕ್ಕೂ ಬರಲಿಲ್ಲ. ಮೂರು ಕಡೆ ಬಂದರೂ ಇದು ಒಂದೇ ವರದಿ" ಎಂದು ಬರೆದು ಮನೆಗೆ ಹೋದೆ. ಮಗುವಿನ ಬಗ್ಗೆ ಅದಕ್ಕಿಂತ ಹೆಚ್ಚು ಯೋಚಿಸಿದ್ದು ನೆನಪಿಲ್ಲ.

ನಾಲ್ಕಾರು ದಿನ ಬಿಟ್ಟು ಒಂದು ಮಧ್ಯಾಹ್ನ ಮೊಬೈಲು ರಿಂಗಾಯಿತು. ಬೆಳಿಗ್ಗೆ ಮಾಸ್ತರರು ಇಮೇಲಿನಲ್ಲಿ ನನ್ನ ನಂಬರು ಕೇಳಿ ಪಡೆದಿದ್ದರು. ಅವರ ದನಿ ಕೇಳಿದ್ದು ಅದೇ ಮೊದಲು.

"ನಮಸ್ಕಾರ್ರೀ ಮೇಡಂ, ಸುರಪುರದಿಂದ ಚನ್ನಬಸಪ್ಪ ಮಾತಾಡ್ಲಾಕತ್ತೀನಿ. ನೀವು ಒಂದು ಕೂಸಿನ ಸುದ್ದಿ ಬರದೀರಲ್ಲ, ಅದು ಖರೇ ಅದ ಏನ್ರಿ?"

"ಮರಾಠಿಯೊಳಗ ಬಂದದರಿ. ಯಾಕ್ರಿ?"

"ನಮ್ಮ ಓಣ್ಯಾಗ ನಿಂಗಮ್ಮ ಅಂತ ಮುದುಕಿ ಅದಾಳ್ರಿ. ಮಗ ಭೀಮರಾಯ, ಸೊಸಿ ಶಾಂತಮ್ಮ ಪುಣೇದಾಗ ಗೌಂಡಿ ಕೆಲಸಕ್ಕ ಹೋಗ್ಯಾರ. ಐತವಾರಕ್ಕೊಮ್ಮಿ ಟೆಲಿಫೋನ್ ಬೂತಿಗೆ ಫೋನ್ ಮಾಡ್ತಿದ್ರು. ಮಾಡಿಲ್ಲ. ಮುದುಕಿ ನನ್ನ ಹಂತೇಕ ಬಂದ್ಳು. ನಾ ಇಂಗ್ಲಿಷಿನಾಗೂ ನೋಡಿದೆ, ಕನ್ನಡದಾಗೂ ನೋಡಿದೆ. ಎರಡೂ ಕಡಿ ಸೋಲಾಪುರದವ್ರು ಅಂತ ಇತ್ತು, ಭೀಮರಾವ್ ಅಂತ ಇತ್ತು. ನಮ್ಮವ್ರಲ್ಲ ಬೇ, ಆರಾಮ ಇರು ಅಂತ ಹೇಳಿ ಕಳಿಸೀನಿ. ಈಗ ನಿಮ್ಮ ಬರಹ ಓದಿದೆ. ಭೀಮರಾಯಗೂ ಒಂದು ಹೆಣ್ಣು ಕೂಸು ಅದರಿ."

ಭೀಮರಾಯ, ಶಾಂತಮ್ಮ ಎನ್ನುವವರು ಆ ಸೀಮೆಯಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಸೋಲಾಪುರದಲ್ಲೂ ಕನ್ನಡದವರೇನು ಕಡಿಮೆಯಿಲ್ಲ. ಹಾಗೆಂದು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ನೋಡಿ ತಿಳಿಸುತ್ತೇನೆ ಎಂದೆ.

ಮರುದಿನ ಜೋಶಿ ಕಾಕಾ ತಮಗೆ ಗುರುತಿದ್ದವರ ಮೂಲಕ ಆ ಮರಾಠಿ ವರದಿಗಾರನನ್ನು ಫೋನಿನಲ್ಲಿ ಹಿಡಿದರು. ಅವನು ಜಾಗಕ್ಕೆ ಹೋಗಿರಲಿಲ್ಲ. ಮಳೆಯಲ್ಲಿ ರಸ್ತೆ ಕಟ್ಟಾಗಿತ್ತು, ಠಾಣೆಗೆ ಫೋನ್ ಮಾಡಿ ಬರೆದುಕೊಂಡೆ ಎಂದ. ಕಾಕಾ ಠಾಣೆಗೂ ಫೋನ್ ಮಾಡಿ ಕೇಳಿದರೆ, ಆ ಗಂಡಹೆಂಡತಿ ಬೇರೊಂದು ಕಡೆಯಿಂದ ಆಗತಾನೆ ಅಲ್ಲಿಗೆ ಬಂದಿದ್ದರು, ಜೊತೆಯ ಕೂಲಿಯವರಿಗೆ ಅವರ ಪರಿಚಯವಿರಲಿಲ್ಲ, ಕರೆತಂದಿದ್ದ ಮೇಸ್ತ್ರಿ ಅಂದಿನಿಂದ ನಾಪತ್ತೆ ಎಂದರು. ಸೋಲಾಪುರದ ಪೊಲೀಸರಿಗೆ ತಿಳಿಸಿದ್ದಾರೆ. ಅಲ್ಲಿಂದ ಯಾರೂ ಬಂದಿಲ್ಲ. ಹೆಣಗಳು ಇನ್ನೂ ಶವಾಗಾರದಲ್ಲಿವೆ. ಹೆಚ್ಚು ದಿನ ಇಡಲಾಗುವುದಿಲ್ಲ.

"ಮತ್ತ ಸೋಲಾಪುರ ಅಂತ ಯಾರು ಹೇಳಿದ್ರು?" ಎಂದು ನಾನು ಕೇಳಿದೆ. ಕಾಕಾ ಫೋನಿನಲ್ಲಿ ಅದನ್ನೇ ಕೇಳಿ, ಫೋನಿಟ್ಟು, ನನ್ನ ಕಡೆ ತಿರುಗಿದರು.

"ಪೋರಿ. ಆ ಮಗು ಹೇಳಿದ್ದು."

ಪಾಳಿ ಮುಗಿದದ್ದೇ ಇಬ್ಬರೂ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದೆವು. ಮಕ್ಕಳ ವಾರ್ಡು ತುಂಬಿ, ಕೆಲವು ಹಾಸಿಗೆಗಳನ್ನು ವರಾಂಡದಲ್ಲಿ ಹಾಕಿದ್ದರು. ಕಾಕಾ ಯಾರನ್ನು ನೋಡಬೇಕೆಂದು ಹೇಳಿದಾಗ ಸಿಸ್ಟರ್ ಒಬ್ಬರು "ಅಚ್ಛಾ, ಸೋಲಾಪುರಚೀ?" ಎನ್ನುತ್ತ ಕೊನೆಯ ಹಾಸಿಗೆ ತೋರಿಸಿದರು. ಐದು ವರ್ಷದ ಹುಡುಗಿ ಇರಬೇಕು. ಬಲಗೈಗೆ ಪ್ಲಾಸ್ಟರ್ ಹಾಕಿದ್ದರು. ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಮೊದಲ ದಿನ ಪೊಲೀಸರಿಗೆ ಅಪ್ಪಅವ್ವನ ಹೆಸರು, ಊರು ಹೇಳಿದ್ದಷ್ಟೇ, ಆಮೇಲೆ ಹುಡುಗಿ ಯಾರೊಂದಿಗೂ ಮಾತಾಡುವುದಿಲ್ಲ, ಬರೀ ಆಯಿ ಆಯಿ ಎಂದು ಅಳುತ್ತದೆ ಎಂದರು ಸಿಸ್ಟರ್. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಸತ್ತವಳನ್ನು ಎಲ್ಲಿಂದ ತರುವುದೆಂದು ಅವರು ಆ ಕೂಗು ಕೇಳಿದಾಗಲೆಲ್ಲ ಬೇರೆ ಕಡೆ ಹೋಗಿಬಿಡುತ್ತಿದ್ದರಂತೆ.

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ.

"ಏನವ್ವಾ, ಉಂಡಿಯೇನು?"

ಮಗುವಿನ ಬೆನ್ನು ಅಲುಗಾಡದೆ ನಿಂತಿತು. ಆಮೇಲೆ ನಿಧಾನವಾಗಿ ಇತ್ತ ಹೊರಳಿ ನನ್ನ ಬಾಯನ್ನೇ ನೋಡತೊಡಗಿತು. ಆ ಬಾಯಿಂದ ಇನ್ನೊಂದು ಮಾತು ಬರುತ್ತದೋ ಇಲ್ಲವೋ ಎಂದು ಕಾಯುವಂತೆ.

"ನಿನ್ನ ಹೆಸರೇನವ್ವಾ?"

"ಮಾನಮ್ಮ."

"ಊರು ಯಾವುದು?"

"ಶೋರಾಪುರ."

ಸುರಪುರಕ್ಕೆ ಆ ಕಡೆಯ ಹಳಬರು ಇವತ್ತಿಗೂ ಶೋರಾಪುರ ಎಂದೇ ಅನ್ನುವುದು. ಅಜ್ಜಿಯ ಬಾಯಲ್ಲಿ ಕೇಳಿದ್ದನ್ನೇ ಮಗು ಅಂದಿತ್ತು. ಭೀಮರಾಯ ಭೀಮರಾವ್ ಆದಂತೆಯೇ, ಮರಾಠಿ ಕಿವಿಯ ಪೊಲೀಸನಿಗೆ ಅದು ಸೋಲಾಪುರವೆಂದು ಕೇಳಿಸಿತ್ತು. ಅಲ್ಲಿಂದ ಅದು ಮರಾಠಿಗೆ, ಇಂಗ್ಲಿಷಿಗೆ, ಕನ್ನಡಕ್ಕೆ ಹೋಗಿ, ಕೊನೆಗೆ ಸುರಪುರದ ಒಂದು ಸೈಬರ್ ಅಂಗಡಿಯ ಪರದೆ ಮೇಲೆ ಬಂದು, ಮಾಸ್ತರರ ಬಾಯಿಂದ ನಿಂಗಮ್ಮನಿಗೆ ಆರಾಮ ಇರು ಎಂದು ಹೇಳಿಸಿತ್ತು.

ಮಾನಮ್ಮ ನನ್ನ ಸೆರಗು ಹಿಡಿದು ಎಳೆದಳು. "ಆಯಿಗಿ ಕರಿ."

"ಬಘಾ, ಪರತ್ ಆಯಿ", ನೋಡಿ, ಮತ್ತೆ ತಾಯಿ ಎಂದು ಸಿಸ್ಟರ್ ಕಣ್ಣು ಒರೆಸಿಕೊಂಡರು.

ನಮ್ಮ ಸೀಮೆಯಲ್ಲಿ ಆಯಿ ಅಂದರೆ ತಾಯಿಯಲ್ಲ, ಅಜ್ಜಿ. ಮಗು ಅಷ್ಟು ದಿನ ಕರೆಯುತ್ತಿದ್ದದ್ದು ಬದುಕಿದ್ದವಳನ್ನು. ಕರೆದರೆ ಬರುವವಳನ್ನು. ನಾನು ಸಿಸ್ಟರ್ ಕಡೆ ತಿರುಗಿ, "ಆಯಿ ನಾಹೀ ಸಿಸ್ಟರ್, ಆಜೀ! ಆಜೀ!" ಎಂದು ಬಹುಶಃ ಸ್ವಲ್ಪ ಜೋರಾಗಿಯೇ ಕೂಗಿದೆ. ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು.

"ಅವ್ವ ಬರಂಗಿಲ್ಲ" ಎಂದಳು ಮಾನಮ್ಮ. ದನಿ ಸಮನಾಗಿತ್ತು. "ಅವ್ವ ಮಣ್ಣಾಗ ಅದಾಳ. ಅಪ್ಪನೂ ಮಣ್ಣಾಗ ಅದಾನ. ನಾ ನೋಡೀನಿ. ನೀ ಆಯಿಗಿ ಕರಿ."

ವರಾಂಡದ ತುದಿಗೆ ಹೋಗಿ ಮಾಸ್ತರರಿಗೆ ಫೋನ್ ಮಾಡಿದೆ. ಮಗುವಿನ ಹೆಸರು ಹೇಳಿದೆ, ಅಷ್ಟೇ. "ನಾನೇ ಹೇಳಬೇಕಲ್ರಿ ಈಗ ಆಕಿಗಿ" ಎಂದರು.

ನಡುವೆ ಹೊಳೆಗಳು ಏರಿ ಬಸ್ಸುಗಳು ನಿಂತಿದ್ದರಿಂದ ಅವರು ಬರುವುದು ತಡವಾಯಿತು. ಅಷ್ಟು ದಿನವೂ ನಾನು ಪಾಳಿ ಮುಗಿಸಿ ನೇರ ಆಸ್ಪತ್ರೆಗೆ ಹೋಗುತ್ತಿದ್ದೆ. ಮಾನಮ್ಮನ ತಲೆ ಬಾಚುತ್ತಿದ್ದೆ, ಹೆರಳು ಹಾಕುತ್ತಿದ್ದೆ. ಅವಳು ತಡೆಯಿಲ್ಲದೆ ಮಾತಾಡುತ್ತಿದ್ದಳು. ಅವರ ಮನೆಯ ಆಡಿನ ಬಗ್ಗೆ, ಆಯಿ ಮಾಡುವ ಜೋಳದ ನುಚ್ಚಿನ ಬಗ್ಗೆ. ಗೋಡೆಯ ಮಾತು ಮತ್ತೆ ಎತ್ತಲಿಲ್ಲ. ನಾನೂ ಮಾತಾಡುತ್ತಿದ್ದೆ. ಪುಣೆಗೆ ಬಂದಾಗಿನಿಂದ ಆಡದಷ್ಟು ಕನ್ನಡ ಆ ದಿನಗಳಲ್ಲಿ ಆಡಿದೆ.

"ನಿಮ್ಮನ್ಯಾಗ ಯಾರ್ ಅದಾರ?" ಎಂದು ಒಮ್ಮೆ ಕೇಳಿದಳು.

"ಇಬ್ಬರು ಹುಡುಗೇರು ಅದಾರ. ಯಾವಾಗ್ ನೋಡಿದ್ರೂ ಮಲಗಿರ್ತಾರ."

"ಸತ್ತಾರೇನು?"

"ಇಲ್ಲವ್ವಾ. ನಿದ್ದಿ ಮಾಡ್ತಾರ."

ಅವಳು ಅದನ್ನು ಪೂರ್ತಿ ನಂಬಿದಂತೆ ಕಾಣಲಿಲ್ಲ.

ಅದೇ ದಿನಗಳಲ್ಲಿ ನಾನು ಮೂರೂ ತಾಣಗಳಿಗೆ ತಿದ್ದುಪಡಿ ಬರೆದೆ. ಮರಾಠಿ ವರದಿಗಾರ ಕಾಕಾ ಅವರ ಒತ್ತಾಯಕ್ಕೆ ಆಸ್ಪತ್ರೆಗೆ ಬಂದು, ಮಗುವನ್ನು ನೋಡಿ, ತಲೆತಗ್ಗಿಸಿಕೊಂಡು ಹೋದ. ಮರುದಿನ ಒಳಪುಟದಲ್ಲಿ ನಾಲ್ಕು ಸಾಲು ಹಾಕಿದರು. ಇಂಗ್ಲಿಷಿನವರಿಂದ ಉತ್ತರವೇ ಬರಲಿಲ್ಲ. ಕನ್ನಡದವರು ಮಾತ್ರ ಮರ್ಯಾದೆಯಿಂದಲೇ ಬರೆದಿದ್ದರು. ತಮ್ಮ ಸುದ್ದಿ ಇನ್ನೆರಡು ನಂಬಲರ್ಹ ತಾಣಗಳಲ್ಲೂ ಹಾಗೆಯೇ ಬಂದಿರುವುದರಿಂದ ಬದಲಿಸಲು ಕಾರಣ ಕಾಣುವುದಿಲ್ಲ ಎಂದು. ಅದನ್ನು ಓದಿ ನನಗೆ ಸಿಟ್ಟು ಬರಲಿಲ್ಲ. ಕೈಸೋತಂತಾಯಿತು. ನನ್ನ ಬ್ಲಾಗಿನಲ್ಲಿ ನಡೆದದ್ದನ್ನೆಲ್ಲ ಬರೆದು ಹಾಕಿದೆ. ಆ ಸಲ ಮಾಸ್ತರರ ಎರಡು ಸಾಲೂ ಬರಲಿಲ್ಲ. ಅವರು ದಾರಿಯಲ್ಲಿದ್ದರು.

ಕೊನೆಗೆ ಒಂದು ಬೆಳಿಗ್ಗೆ ನಾನು, ಕಾಕಾ ರಜೆ ಹಾಕಿ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋದೆವು. ಮಾಸ್ತರರು ನಾನು ಅಂದುಕೊಂಡಿದ್ದಕ್ಕಿಂತ ಸಣ್ಣ ಆಳು. ಧೋತರ ಮೊಳಕಾಲವರೆಗೆ ನೆನೆದಿತ್ತು. ಅವರ ಹಿಂದೆ ನಿಂಗಮ್ಮ. ಉದ್ದನೆಯ, ಗಟ್ಟಿಮುಟ್ಟಾದ ಹೆಂಗಸು. ಅಳುತ್ತಿರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಪೊಲೀಸಿನವನು ಮೊದಲು ಹೆಣ ಗುರುತಿಸಿ ಸಹಿ ಮಾಡಬೇಕು, ಆಮೇಲೆ ಉಳಿದದ್ದು ಎಂದ. ಕಾಕಾ ಅದನ್ನು ತಮ್ಮ ಕನ್ನಡದಲ್ಲಿ ಹೇಳಿದರು. ನಿಂಗಮ್ಮ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು.

"ಸತ್ತವ್ರು ಎಲ್ಲಿ ಹೋಗ್ತಾರ್ರೀ. ಮೊದಲ ಇದ್ದಾಕಿನ್ನ ತೋರಸ್ರಿ."

ಮಾನಮ್ಮ ಹಾಸಿಗೆ ಮೇಲೆ ಎದ್ದು ಕೂತಿದ್ದಳು. ಅಜ್ಜಿಯನ್ನು ಕಂಡು ಕೂಗಲಿಲ್ಲ, ಓಡಲಿಲ್ಲ. "ಆಯಿ, ಯಾಕ ಇಷ್ಟ್ ತಡಾ ಮಾಡಿದಿ?" ಎಂದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಿಂಗಮ್ಮ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಮಾಸ್ತರರು ಹೊರಗೆ ಹೋಗಿ ಕಂಬಕ್ಕೆ ಒರಗಿ ನಿಂತರು. ಆಮೇಲೆ ನಾನು ಅವರ ಬಳಿ ಹೋದಾಗ, "ನಾನು ನಮ್ಮವ್ರಲ್ಲ ಅಂತ ಹೇಳಿದ್ನಲ್ರಿ" ಎಂದರು. "ಎರಡು ಕಡಿ ನೋಡಿ ಹೇಳಿದ್ರಿ" ಎಂದೆ ನಾನು. ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಭೀಮರಾಯ, ಶಾಂತಮ್ಮನನ್ನು ಅಷ್ಟು ದೂರ ಒಯ್ಯುವಂತಿರಲಿಲ್ಲ. ಅಲ್ಲೇ ಊರಾಚೆ ಮಳೆಯಲ್ಲೇ ಮಣ್ಣು ಮಾಡಿದೆವು. ಕಾಕಾ ಮರಾಠಿಯಲ್ಲಿ ಏನೋ ಪಠಿಸಿದರು. ನಿಂಗಮ್ಮ ತನ್ನ ಊರಿನ ರೀತಿಯಲ್ಲಿ ಹಾಡಿ ಅತ್ತಳು. ಅಲ್ಲಿದ್ದ ಕೆಲಸದವರಿಗೆ ಅವಳ ಮಾತೊಂದೂ ತಿಳಿಯದಿದ್ದರೂ ಸಲಿಕೆ ಊರಿ ನಿಂತು ಕೇಳಿದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಅವರನ್ನು ಬಸ್ಸು ಹತ್ತಿಸಲು ನಾನೊಬ್ಬಳೇ ಹೋದೆ. ಮಳೆ ಹೊಳವಾಗಿತ್ತು. ಮಾಸ್ತರರು ಕಿಟಕಿಯ ಪಕ್ಕ ಜಾಗ ಹಿಡಿದು ಮಾನಮ್ಮನನ್ನು ಕೂರಿಸಿದರು. ನಿಂಗಮ್ಮ ನನ್ನ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು, ಆಮೇಲೆ ಬಸ್ಸು ಹತ್ತಿದಳು. ಬ್ಲಾಗ್ ನಿಲ್ಲಿಸಬೇಡ್ರಿ ಎಂದರು ಮಾಸ್ತರರು. ಇಲ್ಲ ಎಂದೆ.

ಮಾನಮ್ಮ ಕಿಟಕಿಯ ಸರಳಿಗೆ ಮುಖ ಒತ್ತಿ ನನ್ನನ್ನು ನೋಡುತ್ತಿದ್ದಳು. ನಾನು ಹತ್ತುತ್ತಿಲ್ಲ ಎನ್ನುವುದು ಅವಳಿಗೆ ಆಗಲೇ ಹೊಳೆದಿರಬೇಕು.

"ನೀ ಬರಂಗಿಲ್ಲೇನು?"

"ಇಲ್ಲವ್ವಾ. ನನ್ನ ಕೆಲಸ ಇಲ್ಲೇ ಅದ."

ಅವಳು ನಿಲ್ದಾಣದ ತುಂಬ ಇದ್ದ ಜನರನ್ನು ಒಮ್ಮೆ ನೋಡಿದಳು.

"ಇಲ್ಲಿ ನಿನ್ ಜೋಡಿ ಯಾರ್ ಮಾತಾಡ್ತಾರ?"

ಕಂಡಕ್ಟರ್ ಗಂಟೆ ಬಾರಿಸಿದ, ಬಸ್ಸು ಹೊರಟಿತು. ಅವಳ ಪ್ಲಾಸ್ಟರ್ ಹಾಕಿದ ಕೈ ಸ್ವಲ್ಪ ದೂರದವರೆಗೆ ಕಿಟಕಿಯ ಹೊರಗೆ ಕಾಣುತ್ತಿತ್ತು. ಯಾರೋ ಅದನ್ನು ಒಳಗೆ ಎಳೆದುಕೊಂಡರು.

ತಿರುಗಿ ನಡೆಯುವಾಗ ಗಂಟು ಹೊತ್ತ ಒಬ್ಬ ಮುದುಕರು ನನ್ನನ್ನು ತಡೆದು ಬಾರಾಮತಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಮರಾಠಿಯಲ್ಲಿ ಕೇಳಿದರು. "ಆ ಕಡೇದ್ರಿ, ಮೂಲ್ಯಾಗ ನಿಂತದ ನೋಡ್ರಿ" ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು, ಆಮೇಲೆ ಇನ್ಯಾರನ್ನೋ ಕೇಳಲು ಮುಂದೆ ಹೋದರು.